ಆ ಅಲುಗಾಟ ಎಲ್ಲಿಗೆ ಹೋಯ್ತು?

ಅಪ್ಪ ಇಡೀ ದಿನ ಟಿಲ್ಲರ್ ಹೊಡೆದು ಬಂದ್ರೆ ಸಂಜೆ ಕಾಫಿ ಲೋಟ ಹಿಡಿಯೋಕೆ ಎರಡೂ ಕೈ ಬೇಕಾಗ್ತಿತ್ತು. ‘ಕೈಯೆಲ್ಲ ಜುಮ್ ಅಂತಿದೆ ಕಣೋ’ ಅಂತ ಅಂಗೈ ತಿಕ್ಕಿಕೊಳ್ತಾ ಜಗಲಿ ಮೇಲೆ ಕೂತಿರೋರು. ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ನಿನ ಅಲುಗಾಟ ಹ್ಯಾಂಡಲ್ ದಾಟಿ ಮೈಗೆ ಹತ್ತಿರ್ತಿತ್ತು. ಕಾರಿನ ಎಂಜಿನ್ನಿನಿಂದ ಬ್ಯಾಲೆನ್ಸ್ ಶಾಫ್ಟ್ ಕಿತ್ತು ಹಾಕೋದೇ ಜಾಣತನ ಅಂತ ಯಾರಾದ್ರೂ ಹೇಳಿದಾಗ ನಂಗೆ ಮೊದಲು ನೆನಪಾಗೋದು ಆ ಅಂಗೈ.

ಆನ್‌ಸೈಟ್ ಅಂತ ಅಮೆರಿಕಾಗೆ ಹೋಗಿದ್ದಾಗ ನನ್ನ ಬಿಇ ಕ್ಲಾಸ್‌ಮೇಟ್ ಒಬ್ಬನ ಮನೇಲಿ ಉಳಿದಿದ್ದೆ. ಅವನ ಹತ್ರ ಒಂದು ಸೆಕೆಂಡ್ ಹ್ಯಾಂಡ್ ಮಿತ್ಸುಬಿಷಿ ಲ್ಯಾನ್ಸರ್ ಎವೊಲ್ಯೂಷನ್. ಎಂಜಿನ್ ಬಿಚ್ಚಿಸಿ ಎರಡೂ ಬ್ಯಾಲೆನ್ಸ್ ಶಾಫ್ಟ್ ತೆಗೆಸಿದ್ದ, ಜೊತೆಗೆ ಗಟ್ಟಿ ಎಂಜಿನ್ ಮೌಂಟ್ ಬೇರೆ ಹಾಕಿಸಿದ್ದ. ‘ಮಗಾ, ಫ್ರೀ ಹಾರ್ಸ್‌ಪವರ್!’ ಅಂದ. ಹೈವೇಲಿ 4,000 ಆರ್‌ಪಿಎಂ ದಾಟಿದಾಗ ಕನ್ನಡಿಯಲ್ಲಿ ಹಿಂದಿನ ಒಂದು ಟ್ರಕ್ ಎರಡಾಗಿ ಕಾಣಿಸ್ತು. ಎರಡು ಗಂಟೆ ಕಳೆದು ಇಳಿದಾಗ ನನ್ನ ಪಾದ ಜುಮ್ ಅಂತಿತ್ತು.

ನಾಲ್ಕು ಸಿಲಿಂಡರಿನ ಎಂಜಿನ್ನಲ್ಲಿ ಎರಡು ಪಿಸ್ಟನ್ ಮೇಲೆ ಹೋದಾಗ ಇನ್ನೆರಡು ಕೆಳಗೆ ಬರ್ತವೆ, ಹಾಗಾಗಿ ಲೆಕ್ಕ ಸರಿಹೋಗಬೇಕು ಅನ್ಸುತ್ತೆ. ಹೋಗಲ್ಲ. ಕನೆಕ್ಟಿಂಗ್ ರಾಡ್ ಓರೆಯಾಗೋದ್ರಿಂದ ಪಿಸ್ಟನ್ ತನ್ನ ದಾರಿಯ ಮೇಲಿನ ಅರ್ಧವನ್ನ ಕೆಳಗಿನ ಅರ್ಧಕ್ಕಿಂತ ಬೇಗ ದಾಟುತ್ತೆ. ಮೇಲಿನವರ ಜಗ್ಗಾಟವನ್ನ ಕೆಳಗಿನವರು ಪೂರ್ತಿ ತೀರಿಸಲ್ಲ. ಉಳಿದ ಬಾಕಿ ಕ್ರ್ಯಾಂಕ್ ಒಂದು ಸುತ್ತು ತಿರುಗೋದ್ರಲ್ಲಿ ಎರಡು ಸಲ ಎಂಜಿನ್ನನ್ನ ಮೇಲೆ ಕೆಳಗೆ ಕುಲುಕುತ್ತೆ. ವೇಗ ಎರಡು ಪಟ್ಟಾದ್ರೆ ಈ ಕುಲುಕಾಟ ನಾಲ್ಕು ಪಟ್ಟು. ಚಿಕ್ಕ ಎಂಜಿನ್ನಲ್ಲಿ ಮೌಂಟಿನ ರಬ್ಬರೇ ಇದನ್ನ ನುಂಗಿಕೊಳ್ಳುತ್ತೆ, ಎರಡು ಲೀಟರಿನ ಆಸುಪಾಸಿಗೆ ಬಂದ್ರೆ ಕಷ್ಟ.

ಇದಕ್ಕೆ ಬ್ರಿಟನ್ನಿನ ಫ್ರೆಡೆರಿಕ್ ಲ್ಯಾಂಚೆಸ್ಟರ್ 20ನೇ ಶತಮಾನದ ಆರಂಭದಲ್ಲೇ ಉಪಾಯ ಕಂಡುಹಿಡಿದಿದ್ದ: ಒಂದು ಪಕ್ಕ ತೂಕ ಇರೋ ಎರಡು ಶಾಫ್ಟ್, ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ, ಒಂದಕ್ಕೊಂದು ಎದುರು ದಿಕ್ಕಿಗೆ ತಿರುಗಬೇಕು. ಎರಡೂ ಸೇರಿ ಮೇಲೆ ಕೆಳಗಿನ ಕುಲುಕಾಟ ತಡೀತವೆ. ತಾವು ಹುಟ್ಟಿಸೋ ಅಕ್ಕಪಕ್ಕದ ಎಳೆತವನ್ನ ತಮ್ಮತಮ್ಮಲ್ಲೇ ತೀರಿಸಿಕೊಳ್ತವೆ. 1970ರ ದಶಕದಲ್ಲಿ ಮಿತ್ಸುಬಿಷಿ ಇದನ್ನ ಸುಧಾರಿಸಿ ‘ಸೈಲೆಂಟ್ ಶಾಫ್ಟ್’ ಅಂತ ಹೆಸರಿಟ್ಟಿತು. ಪೋರ್ಷೆಯಂಥ ಪೋರ್ಷೆಯೇ ತನ್ನ 944ರ 2.5 ಲೀಟರ್ ಎಂಜಿನ್ನಿಗೆ ಮಿತ್ಸುಬಿಷಿಗೆ ರಾಯಲ್ಟಿ ಕೊಟ್ಟು ಇದನ್ನ ತಗೊಂಡಿತು. ದುಡ್ಡು ಕೊಟ್ಟು ಹಾಕಿಸಿದ್ದನ್ನ ನಾವು ದುಡ್ಡು ಕೊಟ್ಟು ತೆಗೆಸ್ತೀವಿ.

ಆದ್ರೆ ತೆಗೆಸೋರೆಲ್ಲ ದಡ್ಡರಲ್ಲ. ಗೆಳೆಯನ ಕಾರಿನ 4ಜಿ63 ಎಂಜಿನ್ನಲ್ಲಿ ಮುಂದಿನ ಶಾಫ್ಟಿಗೆ ಬೇರೆಯೇ ಒಂದು ಚಿಕ್ಕ ಬೆಲ್ಟ್ ಇದೆ, ಟೈಮಿಂಗ್ ಬೆಲ್ಟಿನ ಹಿಂದೆ. ಅದು ಹರಿದು ಟೈಮಿಂಗ್ ಬೆಲ್ಟಿಗೆ ಸಿಕ್ಕಿಕೊಂಡ್ರೆ ವಾಲ್ವ್‌ಗೆ ಪಿಸ್ಟನ್ ಬಡಿದು ಎಂಜಿನ್ ಕತೆ ಮುಗೀತು. ಈ ಭಯ ನಿಜವಾದದ್ದು. ಸದಾ ಟ್ರ್ಯಾಕ್ ಮೇಲೆ ಓಡೋ ಕಾರಾದ್ರೆ ತೆಗೆಸಲಿ, ನನ್ನ ತಕರಾರಿಲ್ಲ. ಆಫೀಸಿಗೆ ಹೋಗೋ ಕಾರಿಗೆ ಮದ್ದು ಅಂದ್ರೆ ಎರಡೂ ಬೆಲ್ಟನ್ನ ಹೇಳಿದ ಹೊತ್ತಿಗೆ ಒಟ್ಟಿಗೇ ಬದಲಾಯಿಸೋದು.

ಪವರ್ ವಾದ ಮಾತ್ರ ನಂಗೆ ಪೊಳ್ಳು ಅನ್ಸುತ್ತೆ. ಶಾಫ್ಟ್ ಎರಡು ಪಟ್ಟು ವೇಗದಲ್ಲಿ ತಿರುಗೋದ್ರಿಂದ ವೇಗ ಏರಿಸುವಾಗ ಅದರ ಜಡತೆ ಕ್ರ್ಯಾಂಕಿಗೆ ನಾಲ್ಕು ಪಟ್ಟಾಗಿ ಕಾಣುತ್ತೆ, ಒಪ್ಪಿದೆ. ಎಂಜಿನ್ ಚುರುಕಾಗಿ ಏರಿದ ಹಾಗೆ ಅನ್ಸುತ್ತೆ. ಆದ್ರೆ ಒಂದೇ ವೇಗದಲ್ಲಿ ಓಡುವಾಗ ಅದು ತಿನ್ನೋದು ಬೇರಿಂಗ್ ಮತ್ತೆ ಆಯಿಲಿನ ತಿಕ್ಕಾಟದಷ್ಟೇ. ನಮ್ಮ ಫೀಲ್ಡಲ್ಲೂ ಇಂಥವರಿದ್ದಾರೆ. ಹಳೇ ಕೋಡಲ್ಲಿ ಏನೂ ಮಾಡದ ಹಾಗೆ ಕಾಣೋ ನಾಲ್ಕು ಸಾಲು ಅಳಿಸಿ, ಟೆಸ್ಟ್ ಪಾಸ್ ಆಯ್ತು ಅಂತ ಶುಕ್ರವಾರ ಸಂಜೆ ಮನೆಗೆ ಹೋಗಿಬಿಡ್ತಾರೆ.

ಇನ್ನು ಅರ್ಧ ಕೆಲಸ ಮಾಡೋರ ವಿಷ್ಯ. ಚಿಕ್ಕ ಬೆಲ್ಟನ್ನ ಮಾತ್ರ ಕತ್ತರಿಸಿ ‘ಡಿಸೇಬಲ್ ಮಾಡಿದೆ’ ಅಂತಾರೆ. ಹಿಂದಿನ ಶಾಫ್ಟ್ ಆಯಿಲ್ ಪಂಪಿನ ಗೇರಿನಿಂದ ತಿರುಗೋದು, ಅದು ನಿಲ್ಲೋದೇ ಇಲ್ಲ! ಜೊತೆಗಾರ ನಿಂತ ಮೇಲೆ ಅದು ಮೇಲೆ ಕೆಳಗಿನ ಕುಲುಕಾಟದಲ್ಲಿ ಅರ್ಧ ಮಾತ್ರ ತಡೆದು, ಮೊದಲು ಇಲ್ಲದಿದ್ದ ಅಕ್ಕಪಕ್ಕದ ಎಳೆತವನ್ನ ಹೊಸದಾಗಿ ಹುಟ್ಟಿಸುತ್ತೆ. ಎರಡನ್ನೂ ತೆಗೆದು ಆಯಿಲ್ ಹೋಗೋ ತೂತು ಮುಚ್ಚೋದು ಮರೆತ್ರೆ ಆಯಿಲ್ ಪ್ರೆಷರ್ ಬೀಳುತ್ತೆ. ತೆಗೆಯದೇ ವಾಪಸ್ ಜೋಡಿಸೋದ್ರಲ್ಲೂ ಒಂದು ಗುಟ್ಟಿದೆ. ಪುಲ್ಲಿಯ ಗುರುತುಗಳು ಸರಿಯಾಗಿ ಕೂತಿದ್ರೂ ಹಿಂದಿನ ಶಾಫ್ಟ್ ತಪ್ಪು ಜಾಗದಲ್ಲಿ ನಿಂತಿರಬಹುದು. ಬ್ಲಾಕಿನ ಪಕ್ಕದ ಪ್ಲಗ್ ಬಿಚ್ಚಿ ಸ್ಕ್ರೂಡ್ರೈವರ್ ತೂರಿಸಿ ನೋಡಬೇಕು. 60 ಮಿ.ಮೀ. ಒಳಗೆ ಹೋದ್ರೆ ಸರಿ. 20-25 ಮಿ.ಮೀ.ಗೇ ತಡೆದ್ರೆ ಪುಲ್ಲಿಯನ್ನ ಇನ್ನೊಂದು ಸುತ್ತು ತಿರುಗಿಸಬೇಕು. ಈ ಎರಡು ನಿಮಿಷದ ಕೆಲಸ ಬಿಟ್ಟು, ಕಾರು ನಡುಗಿದಾಗ ಶಾಫ್ಟನ್ನೇ ಬೈದು ಕೀಳಿಸಿದವರು ಎಷ್ಟು ಜನರೋ.

ಗೆಳೆಯನಿಗೆ ಇದನ್ನೆಲ್ಲ ಅವತ್ತು ರಾತ್ರಿ ಊಟದ ಟೇಬಲ್ ಮೇಲೆ ಹೇಳಿದೆ. ಅವನು ಜಗ್ಗಲಿಲ್ಲ. ಅವನ ಹೆಂಡತಿ ಅನ್ನ ಬಡಿಸ್ತಾ, ‘ಅಣ್ಣ, ನಾನು ಆ ಕಾರಲ್ಲಿ ಕೂತು ಆರು ತಿಂಗಳಾಯ್ತು, ಸೊಂಟ ನೋವು’ ಅಂದ್ರು. ಅವನು ತಟ್ಟೆ ನೋಡ್ತಾ ಸುಮ್ಮನಾದ. ಆಮೇಲೆ ಗ್ಯಾರೇಜಿಗೆ ಕರ್ಕೊಂಡು ಹೋಗಿ ತೋರಿಸಿದ. ಎರಡೂ ಶಾಫ್ಟು ಆಯಿಲ್ ಸವರಿ ಹಳೇ ಪೇಪರಲ್ಲಿ ಸುತ್ತಿ ಶೆಲ್ಫಿನ ಮೇಲಿಟ್ಟಿದ್ದಾನೆ. ವಾಪಸ್ ಹಾಕಬೇಕಂದ್ರೆ ಎಂಜಿನ್ ಮತ್ತೆ ಇಳಿಸಬೇಕಂತೆ.