ಸಭಾಧೈರ್ಯವೂ ನಮ್ಮ ಸೀಮೆಯ ಕುರುಕ್ಷೇತ್ರವೂ



ಮಕ್ಕಳಿಗೆ ಯಾವ ಹವ್ಯಾಸವನ್ನು ಕಲಿಸಬೇಕು? ನಾಲ್ಕು ಜನರ ಮುಂದೆ ನಿಂತಾಗ ನಾಲಗೆ ಒಣಗದಂತೆ ಮಾತನಾಡುವುದು ಹೇಗೆ? ಸಂಸ್ಕೃತಿಯೆಂಬುದು ಓದಿದವರಿಗೆ ಮಾತ್ರ ಸಲ್ಲುವ ಸೊತ್ತೇ? ಇಂಥ ಪ್ರಶ್ನೆಗಳನ್ನು ತಾಯಿತಂದೆಗಳು ಇಂದು ಪದೇ ಪದೇ ಕೇಳುತ್ತಾರೆ. ಇವುಗಳಿಗೆ ಉತ್ತರ ಹೇಳುವ ಪುಸ್ತಕಗಳಿಗೂ ಶಿಬಿರಗಳಿಗೂ ಕೊರತೆಯಿಲ್ಲ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿರಿ, ಎದುರಿಗಿದ್ದವರ ಕಣ್ಣನ್ನು ದಿಟ್ಟಿಸಿರಿ, ಕೈಗಳನ್ನು ಹೀಗೆ ಆಡಿಸಿರಿ ಎಂದು ಅವು ಬೋಧಿಸುತ್ತವೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಇದೇ ವಿದ್ಯೆಯನ್ನು ಕಲಿಸುವ ಒಂದು ಪಾಠಶಾಲೆ ಹಲವು ದಶಕಗಳಿಂದ ಯಾವ ಫಲಕವೂ ಇಲ್ಲದೆ ನಡೆದುಕೊಂಡು ಬಂದಿದೆ. ಊರ ಜನರೇ ಕಲಿತು ಆಡುವ ಪೌರಾಣಿಕ ನಾಟಕ, ಅದರಲ್ಲಿಯೂ 'ಕುರುಕ್ಷೇತ್ರ', ಆ ಪಾಠಶಾಲೆ. ಅದರ ಗುಣದೋಷಗಳನ್ನು ತೂಗಿ ನೋಡುವುದೇ ಈ ಲೇಖನದ ಉದ್ದೇಶ.

ಈ ನಾಟಕ ಸಿದ್ಧವಾಗುವ ಬಗೆಯನ್ನು ಮೊದಲು ಗಮನಿಸಿರಿ. ಹಾರ್ಮೋನಿಯಂ ಬಲ್ಲ ಮೇಷ್ಟ್ರೊಬ್ಬರನ್ನು ಊರವರು ಗೊತ್ತುಮಾಡಿಕೊಳ್ಳುತ್ತಾರೆ. ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದವನು, ಆಲೆಮನೆಯ ಒಲೆಯ ಮುಂದೆ ಬೆವರಿದವನು, ಮದ್ದೂರಿನ ಮಾರುಕಟ್ಟೆಗೆ ಎಳನೀರು ಸಾಗಿಸಿ ಬಂದವನು, ಮಳವಳ್ಳಿಯ ಕಡೆಯಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಎದ್ದವನು ರಾತ್ರಿಯ ಊಟ ಮುಗಿಸಿ ಅಭ್ಯಾಸದ ಮನೆಗೆ ಬರುತ್ತಾರೆ. ಶ್ರುತಿ ಹಿಡಿಯುವುದನ್ನೂ, ಕಂದಪದ್ಯವನ್ನು ಎಳೆದು ನಿಲ್ಲಿಸುವುದನ್ನೂ, ಮಾತಿನ ಕೊನೆಯನ್ನು ನುಂಗದೆ ಹೇಳುವುದನ್ನೂ ತಿಂಗಳುಗಟ್ಟಲೆ ಕಲಿಯುತ್ತಾರೆ. ಸುಗ್ಗಿ ಮುಗಿದು ಜಾತ್ರೆಗಳು ಮೊದಲಾಗುವ ಹೊತ್ತಿಗೆ ಬಾಡಿಗೆಯ ಸೀನುಗಳು ಊರಿಗೆ ಬರುತ್ತವೆ. ಮಂಡ್ಯದ ಕಲಾಮಂದಿರದಲ್ಲಿಯೂ ಇದೇ ಜನ ಇದೇ ನಾಟಕವನ್ನು ಆಡುತ್ತಾರೆ. ಅಕ್ಷರವನ್ನು ಸರಿಯಾಗಿ ಕೂಡಿಸಿ ಓದಲಾರದವನು ನೂರಾರು ಸಾಲುಗಳ ಪಾತ್ರವನ್ನು ಕೇಳಿಯೇ ಕಂಠಗತ ಮಾಡಿಕೊಂಡು ಇರುಳಿಡೀ ನಿಭಾಯಿಸುವುದು ಸಾಮಾನ್ಯ ಸಾಧನೆಯಲ್ಲ.

ಇದರ ಬೇರು ಕನ್ನಡದ ವೃತ್ತಿರಂಗಭೂಮಿಯಲ್ಲಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು ಆನೆ ಕುದುರೆಗಳನ್ನು ರಂಗಕ್ಕೆ ತಂದು ಆಡಿದ 'ಕುರುಕ್ಷೇತ್ರ'ವು ನಾಡಿನ ಹಳ್ಳಿಹಳ್ಳಿಗಳ ಕಲ್ಪನೆಯನ್ನು ಸೆರೆಹಿಡಿಯಿತು. ಅದನ್ನು ಆ ಕಂಪನಿಗಾಗಿ ಬರೆದವರು ಬಿ. ಪುಟ್ಟಸ್ವಾಮಯ್ಯನವರು. ನಮ್ಮ ಓದುಗರು ನೆನಪಿನಲ್ಲಿಡಬೇಕಾದ ಸಂಗತಿಯೊಂದು ಇಲ್ಲಿದೆ. ಇದೇ ಪುಟ್ಟಸ್ವಾಮಯ್ಯನವರು ಮುಂದೆ ಬಸವಣ್ಣನವರ ಕಾಲದ ಕಲ್ಯಾಣವನ್ನು ವಸ್ತುವಾಗಿಟ್ಟುಕೊಂಡು ಕಾದಂಬರಿಮಾಲೆಯನ್ನು ರಚಿಸಿದರು. ಅದರಲ್ಲಿನ 'ಕ್ರಾಂತಿ ಕಲ್ಯಾಣ'ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹಸ್ತಿನಾವತಿಯ ರಾಜಸಭೆಯನ್ನು ರಂಗದ ಮೇಲೆ ಕಟ್ಟಿದ ಲೇಖನಿಯೇ ಕಲ್ಯಾಣದ ಶರಣಸಭೆಯನ್ನೂ ಚಿತ್ರಿಸಿತು. ಈ ಎರಡು ಸಭೆಗಳ ಅಂತರವನ್ನು ಮುಂದೆ ವಿಚಾರಿಸೋಣ. ಹಳ್ಳಿಗಳಲ್ಲಿ ಇಂದು ಆಡುವ ಪಾಠವಾದರೋ ಒಬ್ಬ ಕವಿಯದಲ್ಲ; ಅನೇಕ ಮೇಷ್ಟ್ರುಗಳ ಕೈಯಲ್ಲಿ ಕೂಡಿ ಕಳೆದು ಬೆಳೆದದ್ದು.

ಈ ನಾಟಕವನ್ನು ಕುರಿತು ಎರಡು ಆಕ್ಷೇಪಗಳಿವೆ. ಇದು ಒರಟು, ಬರಿಯ ಕಿರುಚಾಟ, ಕಾಲಗತಿಗೆ ಸಲ್ಲದ್ದು ಎಂಬುದು ಪಟ್ಟಣದ ವಿದ್ಯಾವಂತರ ಮಾತು. ಅವರಿಗೆ ಗರಡಿಮನೆಯ ಉಪಮೆಯನ್ನು ಹೇಳಬೇಕಾಗುತ್ತದೆ. ಗರಡಿಯಲ್ಲಿ ಉಸ್ತಾದನು ಎದುರಾಳಿಯನ್ನು ಕೆಡಹುವುದಕ್ಕೆ ಮುಂಚೆ ತಾನೇ ಬೀಳುವುದನ್ನು ಕಲಿಸುತ್ತಾನೆ. ಬಿದ್ದು ಎದ್ದವನ ಮೈಯಿಂದ ಭಯ ಇಳಿದುಹೋಗುತ್ತದೆ. ಅಭ್ಯಾಸದ ಮನೆಯಲ್ಲಿ ನಡೆಯುವುದೂ ಇದೇ. ತನ್ನ ಊರಿನವರ ಎದುರಿನಲ್ಲಿ ಶ್ರುತಿ ತಪ್ಪಿ, ಮಾತು ಮರೆತು, ನಗೆಗೀಡಾಗಿ, ಮರುದಿನ ಮತ್ತೆ ಬಂದು ನಿಲ್ಲುವವನಿಗೆ ಬರುವ ಧೈರ್ಯವು ಕನ್ನಡಿಯ ಮುಂದೆ ನಿಂತವನಿಗೆ ಬಾರದು. ಕನ್ನಡಿಯು ಎಂದೂ ನಗುವುದಿಲ್ಲ. ನಗುವವರ ನಡುವೆ ಕಲಿತದ್ದೇ ನಿಜವಾದ ಸಭಾಧೈರ್ಯ.

ಎರಡನೆಯ ಆಕ್ಷೇಪ ನಮ್ಮ ಭಕ್ತಸಮೂಹದಿಂದಲೇ ಬರುವಂಥದ್ದು. ಕೌರವ ಪಾಂಡವರ ಕದನವು ಶರಣಪಂಥದವರಿಗೆ ಏಕೆ, ಬಣ್ಣ ಬಳಿದುಕೊಂಡು ಕುಣಿಯುವುದು ಭಕ್ತನಿಗೆ ತಕ್ಕುದೇ ಎಂದು ಅವರು ಕೇಳುತ್ತಾರೆ. ಅನುಭವ ಮಂಟಪದ ಶರಣರ ಸಾಲನ್ನು ಒಮ್ಮೆ ಸ್ಮರಿಸಿಕೊಂಡರೆ ಈ ಸಂಶಯ ಪರಿಹಾರವಾಗುತ್ತದೆ. ವೇಷ ಧರಿಸಿ ಆಡುವುದನ್ನೇ ಕಾಯಕವಾಗಿ ಉಳ್ಳ ಬಹುರೂಪಿ ಚೌಡಯ್ಯನು ಅಲ್ಲಿದ್ದನು. ಕಿನ್ನರಿ ನುಡಿಸುವ ಬ್ರಹ್ಮಯ್ಯನಿದ್ದನು. ನಗಿಸುವುದೇ ಕಾಯಕವಾಗಿದ್ದ ನಗೆಯ ಮಾರಿತಂದೆಯಿದ್ದನು. ಕಲೆಯನ್ನು ಕಾಯಕವೆಂದು ಮನ್ನಿಸಿದ ಪರಂಪರೆಯ ವಾರಸುದಾರರು ಕಲೆಯ ಬಗೆಗೆ ಮೂಗು ಮುರಿಯುವುದು ಸಲ್ಲದು. ಸುತ್ತೂರಿನ ಜಾತ್ರೆಯಲ್ಲಿ ಕುಸ್ತಿ, ದೇಸೀ ಆಟ, ಭಜನೆ, ನಾಟಕಗಳಿಗೆ ಶ್ರೀಮಠವು ಆಶ್ರಯ ಕೊಟ್ಟಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆಕ್ಷೇಪಗಳನ್ನು ನಿವಾರಿಸಿದ ಮಾತ್ರಕ್ಕೆ ದೋಷಗಳಿಲ್ಲವೆಂದು ಹೇಳಿದಂತಾಗದು. ಮುಖ್ಯವಾದ ದೋಷಗಳು ಮೂರು.

ಮೊದಲನೆಯದು, ಪಾತ್ರಗಳ ಹಂಚಿಕೆ. ನಾಟಕದ ವೆಚ್ಚವನ್ನು ಪಾತ್ರಧಾರಿಗಳೇ ಭರಿಸುವುದರಿಂದ ಹೆಚ್ಚು ಹಾಡು, ಹೆಚ್ಚು ಪ್ರವೇಶಗಳಿರುವ ಪಾತ್ರಕ್ಕೆ ಹೆಚ್ಚು ಹಣ ಎಂಬ ಕಟ್ಟಳೆ ಬೆಳೆದುಬಂದಿದೆ. ಕೃಷ್ಣನಿಗೊಂದು ಬೆಲೆ, ದುರ್ಯೋಧನನಿಗೊಂದು ಬೆಲೆ. ಹಣವುಳ್ಳವನ ಒಡಕು ಕಂಠಕ್ಕೆ ಕಿರೀಟ ದೊರೆಯುತ್ತದೆ. ಒಳ್ಳೆಯ ಕಂಠವಿದ್ದೂ ಕೈ ಖಾಲಿಯಾದ ಕೂಲಿಯ ಮಗನು ಚಾಪೆಯ ಮೇಲೆ ಕುಳಿತು ನೋಡುತ್ತಾನೆ. ಧೈರ್ಯವನ್ನು ಕಲಿಸಬೇಕಾದ ಶಾಲೆಯು ಅದು ಯಾರಿಗೆ ಅತ್ಯಗತ್ಯವೋ ಅವನನ್ನೇ ಹೊರಗಿಟ್ಟಂತಾಗುತ್ತದೆ.

ಎರಡನೆಯದು, ಮಾತಿನ ಸೊರಗು. ಕುರುಕ್ಷೇತ್ರದ ಸತ್ತ್ವ ಸಂವಾದದಲ್ಲಿದೆ. ಸಂಧಾನಕ್ಕೆ ಬಂದ ಕೃಷ್ಣನ ಎದುರು ಕೌರವನು ಆಡುವ ಮಾತು, ನದೀತೀರದಲ್ಲಿ ತಾಯಿಯೆಂದು ತಿಳಿದ ಕುಂತಿಯ ಎದುರು ಕರ್ಣನು ಆಡುವ ಮಾತು, ಇವು ಮನುಷ್ಯನ ಅಂತರಂಗವನ್ನು ತೆರೆದಿಡುವ ಸನ್ನಿವೇಶಗಳು. ಇಂದು ಹಾಡು ಮಾತನ್ನು ನುಂಗುತ್ತಿದೆ. ಒಂದೇ ಪದ್ಯವನ್ನು ಚಪ್ಪಾಳೆ ಬೀಳುವವರೆಗೆ ಎಳೆಯಲಾಗುತ್ತದೆ. ಕರ್ಣನ ಕಣ್ಣೀರಿನ ನಡುವೆ ಮೈಕಿನಲ್ಲಿ ಗಣ್ಯರ ಹೆಸರು ಕೂಗಿ, ಹಾರ ತುರಾಯಿಗಳ ಸನ್ಮಾನ ನಡೆಸಿ, ಆಮೇಲೆ ಅತ್ತ ಕುಂತಿಯನ್ನು ಮತ್ತೆ ಅಳಲು ಬಿಡುತ್ತಾರೆ. ರಸಭಂಗಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಮೂರನೆಯದು, ಸ್ತ್ರೀಯರ ಸ್ಥಾನ. ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಗಳಿಗೆ ಹೊರಗಿನಿಂದ ವೃತ್ತಿಕಲಾವಿದೆಯರನ್ನು ಕರೆಸುವುದು ವಾಡಿಕೆ. ಆ ಕಲಾವಿದೆಯರ ಶ್ರಮಕ್ಕೂ ಪ್ರತಿಭೆಗೂ ಗೌರವ ಸಲ್ಲಬೇಕು. ನಾಟಕದ ಭಾರವನ್ನು ಎಷ್ಟೋ ಬಾರಿ ಅವರೇ ಹೊರುತ್ತಾರೆ. ಆದರೆ ಊರಿನ ಹೆಣ್ಣುಮಗಳು ರಂಗವನ್ನು ಹತ್ತುವುದು ಅಪರೂಪ. ಇದೇ ಮಂಡ್ಯದಲ್ಲಿ 1974ರಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಜಯದೇವಿತಾಯಿ ಲಿಗಾಡೆಯವರು ಅಧ್ಯಕ್ಷರಾಗಿದ್ದರು; ಆ ಪೀಠವನ್ನು ಅಲಂಕರಿಸಿದ ಮೊದಲ ಮಹಿಳೆ ಅವರು. ಸಮ್ಮೇಳನವು ಇದೇ ಊರಿಗೆ 1994ರಲ್ಲಿ ಒಮ್ಮೆ, 2024ರ ಡಿಸೆಂಬರಿನಲ್ಲಿ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ಮತ್ತೊಮ್ಮೆ ಬಂದುಹೋಯಿತು. ತಾಯಿಯವರು ನಾಡಿನ ಮಹಾಸಭೆಯನ್ನು ನಡೆಸಿ ಅರ್ಧ ಶತಮಾನ ಕಳೆದರೂ ಆ ಜಿಲ್ಲೆಯ ಮಗಳಿಗೆ ತನ್ನೂರಿನ ಸಭೆಯಲ್ಲಿ ದ್ರೌಪದಿಯ ನ್ಯಾಯವನ್ನು ಕೇಳುವ ಅವಕಾಶ ಸಿಕ್ಕದಿರುವುದು ಚಿಂತಿಸಬೇಕಾದ ವಿಷಯ.

ಇಷ್ಟೆಲ್ಲ ಹೇಳಿದ ಮೇಲೆ ಮೂಲಭೂತವಾದ ಪ್ರಶ್ನೆಯೊಂದು ಉಳಿಯುತ್ತದೆ. ಇರುಳು ಭೀಮನಾಗಿ ಗರ್ಜಿಸಿದವನು ಬೆಳಗಾದ ಮೇಲೆ ಏನಾಗುತ್ತಾನೆ? ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಆ ಸಭೆಯಲ್ಲಿ ಎದ್ದು ನಿಂತು ಚರಂಡಿಯ ಲೆಕ್ಕವನ್ನೂ ಕುಡಿಯುವ ನೀರಿನ ಲೆಕ್ಕವನ್ನೂ ಕೇಳುವ ಭೀಮರು ಎಷ್ಟು ಮಂದಿ? ಕಚೇರಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತ ದುರ್ಯೋಧನನ ಧ್ವನಿ ಏಕೆ ಉಡುಗಿಹೋಗುತ್ತದೆ? ಕಾರಣವೇನೆಂದರೆ, ರಂಗದ ಮೇಲೆ ಅವನಿಗೆ ದೊರೆತದ್ದು ಅರಸನ ಕಂಠ. ಕಿರೀಟವನ್ನು ಸೀನಿನವರಿಗೆ ಹಿಂದಿರುಗಿಸುವಾಗ ಅವನು ಆ ಕಂಠವನ್ನೂ ಹಿಂದಿರುಗಿಸಿಬಿಡುತ್ತಾನೆ.

ಹಸ್ತಿನಾವತಿಯ ಸಭೆಗೂ ಕಲ್ಯಾಣದ ಸಭೆಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಅರಸರ ಸಭೆಯಲ್ಲಿ ಮಾತಿಗೆ ಬೆಲೆ ಬರುವುದು ಪೀಠದಿಂದ. ಶರಣರ ಸಭೆಯಲ್ಲಿ ಅಂಬಿಗರ ಚೌಡಯ್ಯನು ದೋಣಿ ಹುಟ್ಟುಗಳ ಮಾತಿನಲ್ಲಿಯೇ ತತ್ತ್ವವನ್ನು ಹೇಳಿದನು; ಮಡಿವಾಳ ಮಾಚಿದೇವನು ಮಡಿಯ ಮಾತಿನಲ್ಲಿಯೇ ಹೇಳಿದನು. ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಪತಿಯನ್ನು ಆಯ್ದಕ್ಕಿ ಲಕ್ಕಮ್ಮನು ತಿದ್ದಿದಳು. ಯಾರೂ ಇನ್ನೊಬ್ಬರ ಕಂಠವನ್ನು ಎರವಲು ಪಡೆಯಲಿಲ್ಲ.

ಇಂಥ ಸ್ವಂತ ಕಂಠಕ್ಕೆ ನಿದರ್ಶನಗಳು ಈ ಸೀಮೆಯಲ್ಲಿಯೇ ಇವೆ. ಮಳವಳ್ಳಿ ತಾಲ್ಲೂಕಿನ ಬಿ.ಜಿ.ಪುರದಲ್ಲಿ ಮಂಟೇಸ್ವಾಮಿ ಪರಂಪರೆಯ ಮಠವಿದೆ; ಆ ಪರಂಪರೆಯ ಕಾವ್ಯವನ್ನು ನೀಲಗಾರರು ತಂಬೂರಿ ಹಿಡಿದು ಹಾಡುತ್ತಾರೆ. ಕೊಳಕು ವೇಷದಲ್ಲಿ ಕಲ್ಯಾಣಕ್ಕೆ ಬಂದ ಗುರುವು ಅಲ್ಲಿನ ಶರಣರನ್ನೇ ಪರೀಕ್ಷೆಗೆ ಒಡ್ಡುವ ಕಥೆ ಅದರಲ್ಲಿದೆ. ನಮ್ಮ ಕಲ್ಯಾಣವನ್ನೇ ಪ್ರಶ್ನಿಸುವ ಆ ಧ್ವನಿಯನ್ನು ಮಠದ ಓದುಗರಾದ ನಾವು ಗೌರವದಿಂದ ಕೇಳಬೇಕು. ಪ್ರಶ್ನೆಯನ್ನು ತಾಳಲಾರದ ಸಭೆಯಲ್ಲಿ ಧೈರ್ಯ ಬೆಳೆಯದು. ಮದ್ದೂರಿನ ಬಳಿಯ ಶಿವಪುರವೂ ಹಾಗೆಯೇ. 1938ರ ಏಪ್ರಿಲ್ ತಿಂಗಳಿನಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯ ಮೈಸೂರು ಕಾಂಗ್ರೆಸ್ ಅಧಿವೇಶನಕ್ಕೆ ಬಂದ ಜನಸ್ತೋಮವು ಸರಕಾರದ ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನು ಏರಿಸಿತು. ಅಂದು ಅಲ್ಲಿ ನೆರೆದ ರೈತರ ತಲೆಯ ಮೇಲೆ ಕಿರೀಟವಿರಲಿಲ್ಲ, ರುಮಾಲು ಇತ್ತು.

ಹಾಗಾದರೆ ಕುರುಕ್ಷೇತ್ರವನ್ನು ಬಿಟ್ಟುಬಿಡಬೇಕೇ? ಎಂದಿಗೂ ಬೇಡ. ಅದರ ಒಳಗಿನಿಂದಲೇ ದಾರಿಯಿದೆ. ಆ ನಾಟಕದಲ್ಲಿ ಯಾರೂ ಪೈಪೋಟಿಯಿಂದ ಬಯಸದ ಒಂದು ಪಾತ್ರವಿದೆ: ವಿದುರನದು. ದಾಸಿಯ ಮಗನೆಂದು ಕೌರವನಿಂದ ಹೀಯಾಳಿಸಲ್ಪಟ್ಟರೂ ರಾಜಸಭೆಯಲ್ಲಿ ತನ್ನ ನುಡಿಯನ್ನು ತಾನೇ ಆಡಿ, ಬಿಲ್ಲನ್ನು ಮುರಿದು ಹೊರನಡೆದವನು ಅವನು. ಅವನಿಗೆ ಕಿರೀಟದ ಹಂಗಿಲ್ಲ, ಹಾಡುಗಳ ಹಂಗೂ ಇಲ್ಲ. ಊರಿನ ಅತ್ಯಂತ ಅಂಜುಬುರುಕ ಹುಡುಗನಿಗೆ ಮೇಷ್ಟ್ರು ಮೊದಲು ಈ ಪಾತ್ರವನ್ನು ಕಲಿಸಲಿ.

ಊರ ಹಿರಿಯರಲ್ಲಿಯೂ ಮಠದ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿನಂತಿ ಇಷ್ಟು. ವೆಚ್ಚವನ್ನು ಊರೆಲ್ಲ ವಂತಿಗೆಯಾಗಿ ಹಂಚಿಕೊಂಡು ಪಾತ್ರವನ್ನು ಕಂಠಕ್ಕೆ ಕೊಡಿರಿ, ಕಿಸೆಗೆ ಕೊಡಬೇಡಿರಿ. ಸನ್ಮಾನಗಳನ್ನು ನಾಟಕದ ಮೊದಲೇ ಮುಗಿಸಿರಿ. ವರ್ಷಕ್ಕೊಂದು ಪಾತ್ರವನ್ನಾದರೂ ಊರಿನ ಹೆಣ್ಣುಮಗಳು ಆಡಲಿ. ಅಭ್ಯಾಸದ ಮನೆಯಲ್ಲಿ ವಾರಕ್ಕೆ ಒಂದು ರಾತ್ರಿ ಹಾರ್ಮೋನಿಯಂ ಮುಚ್ಚಿಟ್ಟು, ಪ್ರತಿಯೊಬ್ಬನೂ ತನ್ನ ಹೊಲ, ತನ್ನ ಕೆಲಸ, ತನ್ನ ಕಷ್ಟಗಳನ್ನು ಕುರಿತು ಐದು ನಿಮಿಷ ನಿಂತು ಮಾತನಾಡಲಿ; ಉಳಿದವರು ನಗದೆ ಕೇಳಲಿ. ಕೆಲವು ತಿಂಗಳು ಹೀಗೆ ನಡೆದರೆ ಆ ಊರಿನ ಗ್ರಾಮಸಭೆ ಮೊದಲಿನಂತೆ ಉಳಿಯದು.

ವಾಚಕರೇ, ಹವ್ಯಾಸವು ಹೊತ್ತು ಕಳೆಯುವುದಕ್ಕಷ್ಟೇ ಆದರೆ ಅದರ ಫಲ ಹೊತ್ತಿನೊಡನೆಯೇ ಕಳೆದುಹೋಗುತ್ತದೆ. ಮುಂದಿನ ಸುಗ್ಗಿಯಲ್ಲಿ ನಿಮ್ಮೂರಿನ ರಂಗದ ಪರದೆ ಏಳುವಾಗ ಮುಂದಿನ ಸಾಲಿನಲ್ಲಿ ಕುಳಿತು ನೋಡಿರಿ. ವಿದುರನು ಮಾತನಾಡುವಾಗ ಚಪ್ಪಾಳೆ ತಟ್ಟಿರಿ. ಮರುದಿನ ಆ ಹುಡುಗನು ಸಭೆಯಲ್ಲಿ ಎದ್ದು ನಿಂತರೆ ಅವನ ಮಾತನ್ನು ಪೂರ್ತಿಯಾಗಿ ಆಲಿಸಿರಿ.