ಹಳ್ಳದ ಹೆಸರು, ಮರಿಯಾನೆಯ ಕತೆ: ಸೀಗೂರು ಬಯಲಿನ ಸಂರಕ್ಷಣಾ ಕಥನಗಳ ಒಂದು ಓದು

ನೀಲಗಿರಿಯ ಆನೆದಾರಿಗಳನ್ನು ಕುರಿತ ಯಾವ ಇಂಗ್ಲಿಷ್ ವರದಿಯನ್ನು ತೆರೆದರೂ ಒಂದು ಕನ್ನಡ ಪದ ಎದುರಾಗುತ್ತದೆ. ಅವರೆಹಳ್ಳ–ಸೀಗೂರು, ಮೋಯಾರು–ಅವರೆಹಳ್ಳ, ಕಲ್ಮಲೆ–ಸಿಂಗಾರ ಎಂದು ಸಾಗುವ ದಾರಿಗಳ ಪಟ್ಟಿಯಲ್ಲಿ ‘ಹಳ್ಳ’ ಮತ್ತೆ ಮತ್ತೆ ಬರುತ್ತದೆ. ವರದಿಕಾರರಿಗೆ ಅದು ಪದವಲ್ಲ, ಹೆಸರಿನ ಬಾಲ. ಆದ್ದರಿಂದಲೇ ‘ಸೀಗೂರುಹಳ್ಳ ನದಿ’ ಎಂಬ ಪ್ರಯೋಗ ಅವರಿಗೆ ಸಹಜವೆನಿಸುತ್ತದೆ. ಒಂದೇ ನೀರು ಎರಡು ಸಲ ಹರಿಯುತ್ತಿದೆ ಎಂಬುದು ತಿಳಿಯುವುದಿಲ್ಲ. ಮಸಿನಗುಡಿಯ ಬಳಿಯ ಮಾವನಹಳ್ಳ ಫಲಕಗಳಲ್ಲಿ ‘ಮಾವನಲ್ಲಾ’ ಆಗಿದೆ. ಕನ್ನಡದ ಕಿವಿ ಅಲ್ಲಿ ತೊರೆಯನ್ನು ಕೇಳುತ್ತದೆ, ತಮಿಳಿನ ಕಿವಿ ‘ಒಳ್ಳೆಯ’ ಎಂಬ ವಿಶೇಷಣದ ನೆರಳನ್ನು. ಇದು ಭಾಷಾಭಿಮಾನದ ದೂರಲ್ಲ. ಮಳೆನೆರಳಿನ ಈ ಒಣಬಯಲಿನಲ್ಲಿ ಬೇಸಗೆ ಬಂತೆಂದರೆ ಆನೆ ನೀರನ್ನು ಹಿಡಿದು ನಡೆಯುತ್ತದೆ. ಯಾವುದು ಹಳ್ಳ, ಯಾವುದು ಬರಿಯ ಊರು ಎಂಬುದು ಹೆಸರಿನಲ್ಲಿಯೇ ಬರೆದಿರುವಾಗ ಅದನ್ನು ಓದಲಾರದ ದಾಖಲೆಯೊಂದು ಆ ನೆಲದ ಸಂರಕ್ಷಣೆಯ ಹೊಣೆ ಹೊತ್ತಿದೆ ಎಂಬುದು ವಿಮರ್ಶೆಗೆ ತಕ್ಕ ಸಂಗತಿ.

ಈ ಬಯಲು ಕನ್ನಡದ ನೆನಪಿಗೆ ಹೊರಗಿನದಲ್ಲ. ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ ನೀಲಾದ್ರಿಯನ್ನು ಹಿಡಿದುದನ್ನೂ ತೋಡರನ್ನು ಬೆದರಿಸಿದುದನ್ನೂ ಚಾಮರಾಜನಗರದ 1117ರ ಶಾಸನ ಹೇಳುತ್ತದೆ. ಮೇಲಿನ ಬೆಟ್ಟಗಳಲ್ಲಿ ಬಡಗರ ಹಟ್ಟಿಗಳಿವೆ, ಕೆಳಗಿನ ಕಾಡಿನಲ್ಲಿ ಬೆಟ್ಟಕುರುಬ, ಕಾಡುನಾಯಕ, ಇರುಳರ ನೆಲೆಗಳಿವೆ. 2011ರ ಜನಗಣತಿ ಬಡಗವನ್ನು ಕನ್ನಡದ ಅಡಿಯಲ್ಲಿ ಎಣಿಸಿ 1,33,550 ಮಾತುಗಾರರನ್ನು ತೋರಿಸಿತು. ಬಡಗ ಸ್ವತಂತ್ರ ಭಾಷೆಯೆಂಬ ವಾದ ಬಲವಾಗಿಯೇ ಇದೆ. ಈ ಓದಿಗೆ ಆ ತೀರ್ಮಾನದ ಅಗತ್ಯವಿಲ್ಲ. ಬೇಕಾದುದು ಇಷ್ಟೆ: ಬಂಡೀಪುರ, ವಯನಾಡು, ಮುದುಮಲೈ ಎಂದು ಮೂರು ರಾಜ್ಯಗಳು ಹಂಚಿಕೊಂಡ ಒಂದೇ ಕಾಡಿನ ಸ್ಥಳನಾಮಗಳು ಬಹುಪಾಲು ಕನ್ನಡಕ್ಕೂ ಅದರ ನೆಂಟ ನುಡಿಗಳಿಗೂ ಸೇರಿದವು, ಆದರೆ ಆ ಕಾಡನ್ನು ಕುರಿತು ಇಂದು ಚಲಾವಣೆಯಲ್ಲಿರುವ ಕಥನಗಳು ಆ ನುಡಿಗಳಲ್ಲಿ ಹುಟ್ಟುತ್ತಿಲ್ಲ.

ಅಂಥ ಕಥನಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಕಾರ್ತಿಕಿ ಗೊನ್ಸಾಲ್ವಿಸ್ ನಿರ್ದೇಶಿಸಿದ ‘ದಿ ಎಲಿಫೆಂಟ್ ವಿಸ್ಪರರ್ಸ್’. 2022ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಗಿ, 2023ರ ಮಾರ್ಚಿನಲ್ಲಿ ಕಿರು ಸಾಕ್ಷ್ಯಚಿತ್ರ ವಿಭಾಗದ ಆಸ್ಕರ್ ಪಡೆದ ಸುಮಾರು ನಲವತ್ತು ನಿಮಿಷಗಳ ಈ ಚಿತ್ರ ತೆಪ್ಪಕಾಡು ಆನೆ ಶಿಬಿರದ ಬೊಮ್ಮನ್ ಮತ್ತು ಬೆಳ್ಳಿ ಎಂಬ ಇಬ್ಬರ ಬದುಕನ್ನು ತೋರಿಸುತ್ತದೆ. ತಾಯಿ ಸತ್ತ ರಘು ಎಂಬ ಮರಿಯಾನೆ, ಆಮೇಲೆ ಬಂದ ಅಮ್ಮು ಎಂಬ ಇನ್ನೊಂದು ಮರಿ, ಇವುಗಳ ಆರೈಕೆಯಲ್ಲಿ ಹತ್ತಿರವಾಗಿ ಮದುವೆಯಾಗುವ ಇಬ್ಬರು ನಡುವಯಸ್ಸಿನವರು. ಕಳೆದುಕೊಂಡವರೆಲ್ಲ ಸೇರಿ ಕಟ್ಟಿಕೊಂಡ ಕುಟುಂಬದ ಕತೆ ಇದು. ಬೆಳ್ಳಿಯ ಹಿಂದಿನ ಗಂಡನನ್ನು ಹುಲಿ ಕೊಂದಿತ್ತು, ಮಗಳೂ ತೀರಿಕೊಂಡಿದ್ದಳು; ಮರಿಯಾನೆ ಸೊಂಡಿಲಿನಿಂದ ಅವಳ ಕಣ್ಣೀರನ್ನು ಮುಟ್ಟುವ ಭಾಗ ನೋಡುಗರನ್ನು ಅಲುಗಿಸುತ್ತದೆ, ಅಲುಗಿಸಬೇಕಾದುದೇ. ಚಿತ್ರದ ಪ್ರಾಮಾಣಿಕತೆಯನ್ನಾಗಲಿ ಕುಶಲತೆಯನ್ನಾಗಲಿ ಇಲ್ಲಿ ಪ್ರಶ್ನಿಸಬೇಕಾಗಿಲ್ಲ. ಕೇಳಬೇಕಾದುದು ಈ ರೂಪ ಏನನ್ನು ಕಾಣಿಸಬಲ್ಲದು, ಏನನ್ನು ಕಾಣಿಸಲಾರದು ಎಂದು.

ರಘು ತಬ್ಬಲಿಯಾದುದಕ್ಕೆ ಚಿತ್ರ ಕಾರಣ ಕೊಡುತ್ತದೆ. ಬರಗಾಲದಲ್ಲಿ ಮೇವು ನೀರು ಅರಸಿ ಊರಿನತ್ತ ಬಂದ ಹಿಂಡಿನಲ್ಲಿ ತಾಯಾನೆ ವಿದ್ಯುತ್ ತಗುಲಿ ಸತ್ತಿತು. ಒಂದೆರಡು ವಾಕ್ಯಗಳಲ್ಲಿ ಇದು ಮುಗಿದು ಕತೆ ಹಾಲಿನ ಬಾಟಲಿಯತ್ತ ಹೊರಳುತ್ತದೆ. ಮರಿ ಬಂದುದು ಹೊಸೂರು ಸೀಮೆಯ ಕಾಡಂಚಿನಿಂದ, ಅಮ್ಮು ಬಂದುದು ಸತ್ಯಮಂಗಲದ ಕಡೆಯಿಂದ. ಎರಡೂ ಕನ್ನಡ ಮಾತಾಡುವ ಒಕ್ಕಲು ರಾಗಿ, ಜೋಳ ಬೆಳೆದು ರಾತ್ರಿ ಅಟ್ಟಣೆಯಲ್ಲಿ ಕಾವಲು ಕೂರುವ ಸೀಮೆಗಳು. ಆ ಹೊಲ, ಆ ತಂತಿ, ಆ ರೈತ ಚಿತ್ರಕ್ಕೆ ಬೇಕಾಗಿಲ್ಲ. ಪ್ರವಾಸಿಗೂ ಕತೆಯಲ್ಲಿ ಪಾತ್ರವಿಲ್ಲ. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಹೆದ್ದಾರಿ ತೆಪ್ಪಕಾಡನ್ನು ಹಾದೇ ಹೋಗುತ್ತದೆ, ಅಲ್ಲಿಂದ ಮಸಿನಗುಡಿಗೆ ಕವಲೊಡೆದು ಕಲ್ಲಟ್ಟಿಯ 36 ತಿರುವುಗಳನ್ನು ಏರುತ್ತದೆ. ಆದರೂ ಚಿತ್ರ ಮುಗಿದ ಮೇಲೆ ಉಳಿಯುವುದು ಮನುಷ್ಯರ ಗದ್ದಲದಿಂದ ದೂರದ ಒಂದು ತಪೋವನದ ಅನುಭವ. ಭಾಷೆಯ ಮಾತೂ ಇಲ್ಲಿಯೇ ಬರುತ್ತದೆ. ಅಧಿಕೃತವಾಗಿ ನಮೂದಾಗಿರುವ ಭಾಷೆ ತಮಿಳು. ಬೊಮ್ಮನ್ ತನ್ನನ್ನು ಕಾಡುನಾಯಕನೆಂದು ಪರಿಚಯಿಸಿಕೊಳ್ಳುತ್ತಾನೆ. ಕರ್ನಾಟಕದ ಜೇನುಕುರುಬರ ನುಡಿಗೆ ಒಡಹುಟ್ಟಾದ ಅವನ ಮನೆಮಾತು ಕನ್ನಡಕ್ಕೆ ಎಷ್ಟು ಹತ್ತಿರದ್ದೆಂಬುದನ್ನು ಭಾಷಾವಿಜ್ಞಾನಿಗಳು ಹೇಳುತ್ತ ಬಂದಿದ್ದಾರೆ. ‘ಬೆಳ್ಳಿ’ ಎಂಬ ಹೆಸರಿಗೆ ಕನ್ನಡಿಗರಿಗೆ ಅಡಿಬರಹ ಬೇಕಿಲ್ಲ. ಆದರೆ ಜಗತ್ತು ನೋಡಿದ ಕಾಡುನಾಯಕ ಆದಿಮ ಮನುಷ್ಯ; ನೆರೆಯ ಭಾಷೆಯ ನೆಂಟನಲ್ಲ.

ಪ್ರಶಸ್ತಿಯ ಬೆನ್ನಿಗೇ ಹಣ ಬಂತು. ತೆಪ್ಪಕಾಡು ಮತ್ತು ಆನೈಮಲೈ ಶಿಬಿರಗಳ 91 ಮಾವುತರು, ಕಾವಡಿಗಳಿಗೆ ತಲಾ ಒಂದು ಲಕ್ಷ ರೂಪಾಯಿಯನ್ನೂ ಅವರ ಮನೆಗಳಿಗಾಗಿ 9.10 ಕೋಟಿ ರೂಪಾಯಿಯನ್ನೂ ತಮಿಳುನಾಡು ಸರ್ಕಾರ ಘೋಷಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಪ್ರಧಾನಿ, ಆಗಸ್ಟ್‌ನಲ್ಲಿ ರಾಷ್ಟ್ರಪತಿ ಶಿಬಿರಕ್ಕೆ ಬಂದರು. ಬೆಳ್ಳಿಗೆ ಕಾವಡಿಯ ಕೆಲಸ ದೊರೆಯಿತು. ತಲೆಮಾರುಗಳಿಂದ ಆನೆ ಸಾಕಿದವರಿಗೆ ಸಿಕ್ಕ ಈ ಮನ್ನಣೆ ತಡವಾದುದೇ ಹೊರತು ಹೆಚ್ಚಾದುದಲ್ಲ. ಅದರ ಜೊತೆಗೇ ಮರಿಯಾನೆಗಳನ್ನು ಕಣ್ಣಾರೆ ಕಾಣಬೇಕೆಂಬ ಜನರ ದಂಡೂ ಬಂತು. ಮನ್ನಣೆಯ ಬುಡದಲ್ಲಿದ್ದುದು ಒಂದು ಕತೆ, ಆ ಕತೆಗೆ ಒಂದು ಮುಖವಿತ್ತು. ಲಂಟಾನ ಕೀಳುವುದಕ್ಕೆ ಮುಖವಿಲ್ಲ. ಮೇವಿನ ಹುಲ್ಲನ್ನು ನುಂಗುತ್ತಿರುವ ಸೆನ್ನಾ ಮರಗಳನ್ನು ಕಡಿದು ಸರ್ಕಾರಿ ಕಾಗದ ಕಾರ್ಖಾನೆಗೆ ಸಾಗಿಸುವ ಏರ್ಪಾಡಿಗೆ ಮುಖವಿಲ್ಲ. ಬೆಳೆಹಾನಿಯ ಅರ್ಜಿ ಹಿಡಿದು ಕಚೇರಿಗೆ ಅಲೆಯುವವನಿಗೆ ಮುಖವಿದೆ, ನೋಡುಗರಿಲ್ಲ.

ಕತೆ, ಪ್ರವಾಸಿ ಮತ್ತು ಹಣ ಒಂದಕ್ಕೊಂದು ಅಂಟಿಕೊಂಡಿರುವುದು ಆಕಸ್ಮಿಕವಲ್ಲ. ಕಾನೂನಿನಲ್ಲಿಯೇ ಆ ನೇಯ್ಗೆಯಿದೆ. 2006ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯಿದೆಯ 38 ಎಕ್ಸ್ ಕಲಮು ಪ್ರತಿ ಹುಲಿಧಾಮಕ್ಕೂ ಒಂದು ಸಂರಕ್ಷಣಾ ಪ್ರತಿಷ್ಠಾನವನ್ನು ವಿಧಿಸಿ, ಪ್ರವೇಶಶುಲ್ಕವನ್ನು ಮತ್ತೆ ಆ ಕಾಡಿಗೇ ತೊಡಗಿಸುವುದನ್ನೂ ಪರಿಸರ ಪ್ರವಾಸವನ್ನು ಬೆಳೆಸುವುದನ್ನೂ ಅದರ ಕೆಲಸಗಳಲ್ಲಿ ಸೇರಿಸಿತು. ಕೇಂದ್ರದ ಯೋಜನೆಯ ಹಣ ರಾಜ್ಯದ ಪಾಲಿನೊಡನೆ ಕೂಡಿಕೊಂಡು ಕಂತುಗಳಲ್ಲಿ ಬರುತ್ತದೆ, ಬರುವ ಕಾಲಕ್ಕೆ ಬೆಂಕಿಯ ಕಾಲ ಮುಗಿದಿರಬಹುದು. ಬಾಗಿಲಿನಲ್ಲಿ ಕೂಡುವ ಹಣ ಮಾತ್ರ ಕೈಗೆ ಹತ್ತಿರದ್ದು. ಹೀಗೆ ಕಾಡನ್ನು ಜನರಿಂದ ಕಾಯುವ ಕೆಲಸಕ್ಕೆ ಜನ ಬರುವುದೇ ಆದಾಯವಾಗುತ್ತದೆ. 2012ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಹುಲಿಧಾಮಗಳ ಒಳವಲಯದಲ್ಲಿ ಪ್ರವಾಸವನ್ನು ತಡೆದು, ಅಕ್ಟೋಬರಿನಲ್ಲಿ ಮಾರ್ಗಸೂಚಿಗಳೊಂದಿಗೆ ಮತ್ತೆ ಬಿಟ್ಟಿತು. ಒಳವಲಯದ ಶೇ. 20ರಷ್ಟನ್ನು ಮೀರದ ನೆಲವೆಂಬ ಮಿತಿ ಅಲ್ಲಿಂದ ಬಂದುದು. ಮುದುಮಲೈಯ ಒಳವಲಯ 321 ಚದರ ಕಿಲೋಮೀಟರು. ಆದರೆ ಒತ್ತಡವಿರುವುದು ಒಳಗಲ್ಲ, ಸೀಗೂರು ಬಯಲಿನ ಅಂಚುವಲಯದಲ್ಲಿ. ಅಲ್ಲಿ ಶುಲ್ಕದ ಬಾಗಿಲೂ ಇಲ್ಲ.

ಆ ಅಂಚಿನಲ್ಲಿ ವಿಹಾರಧಾಮಗಳು ಮಾರಿದುದೇನು? ಇದಕ್ಕೆ ಉತ್ತರ ಒಂದು ಒಳ್ಳೆಯ ಪುಸ್ತಕದಲ್ಲಿದೆ. ವೃತ್ತಿಯಿಂದ ವಕೀಲರಾಗಿದ್ದ ಇ. ಆರ್. ಸಿ. ಡೇವಿಡಾರ್ ಸೀಗೂರು ಬಯಲಿನಲ್ಲಿ ಮನೆ ಕಟ್ಟಿಕೊಂಡು ಬಾಳಿದ ಅನುಭವವನ್ನು 1997ರ ‘ಚೀತಲ್ ವಾಕ್’ ಕೃತಿಯಲ್ಲಿ ಬರೆದರು. ನೀಲಗಿರಿಯ ಆನೆದಾರಿಗಳನ್ನು ಮೊದಲು ಗುರುತಿಸಿದವರಲ್ಲಿ ಅವರೂ ಒಬ್ಬರು. ಬಂದ ಪ್ರಾಣಿಗೆ ದಾರಿಬಿಟ್ಟು ಜಗಲಿಯಲ್ಲಿ ಸುಮ್ಮನೆ ಕೂರುವ ಸಂಯಮ ಆ ಬರವಣಿಗೆಯ ಬಲ. ಮುಂದೆ ವಿಹಾರಧಾಮಗಳು ಮಾರಿಕೊಂಡದ್ದು ಆ ಜಗಲಿಯನ್ನೇ, ಸಂಯಮವನ್ನು ಮಾತ್ರ ಬಿಟ್ಟು. ಒಬ್ಬನ ಜಗಲಿ ಆನೆಗೆ ಅಡ್ಡಿಯಲ್ಲ, ನೂರು ಜಗಲಿಗಳು ಬೇಲಿ. ಡೇವಿಡಾರರನ್ನು ಇದಕ್ಕೆ ಹೊಣೆ ಮಾಡುವುದು ಅನ್ಯಾಯ. ಆದರೂ ಅವರು ಕಟ್ಟಿದ ನೋಟದ ನೆಲೆ, ಅಂದರೆ ಕಾಡಿನ ನಡುವೆ ಕುಳಿತು ಕಾಡನ್ನು ನೋಡುವ ಸಂಸ್ಕಾರವಂತ ಏಕಾಂತ, ಪ್ರವಾಸೋದ್ಯಮಕ್ಕೆ ಸಿದ್ಧವಾದ ಮಾದರಿಯಾಯಿತೆಂಬುದನ್ನು ಕಾಣದಿರಲಾಗದು. ಆ ನೋಟದಲ್ಲಿ ಬೊಕ್ಕಾಪುರದ ಮಾರಿಹಬ್ಬಕ್ಕೆ ಬರುವ ಬಡಗರು, ದನ ಮೇಯಿಸುವವರು ಹಿನ್ನೆಲೆಗೆ ಸರಿಯುತ್ತಾರೆ.

ತಮಿಳುನಾಡು ಸರ್ಕಾರ 2010ರ ಆಗಸ್ಟ್ 31ರಂದು ಆನೆದಾರಿಯನ್ನು ಅಧಿಸೂಚಿಸಿತು. 2011ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2018ರಲ್ಲಿ ವಿಹಾರಧಾಮಗಳಿಗೆ ಬೀಗಮುದ್ರೆ ಬಿತ್ತು. 2020ರ ಅಕ್ಟೋಬರ್ 14ರಂದು ಸರ್ವೋಚ್ಚ ನ್ಯಾಯಾಲಯ ಹೈಕೋರ್ಟಿನ ತೀರ್ಪನ್ನು ಸ್ಥಿರಪಡಿಸಿ, ಆಕ್ಷೇಪಣೆಗಳನ್ನು ಕೇಳಲು ನಿವೃತ್ತ ನ್ಯಾಯಮೂರ್ತಿಯೊಬ್ಬರ ನೇತೃತ್ವದ ಸಮಿತಿಯನ್ನು ರಚಿಸಿತು. ಆನೆಯ ಹಕ್ಕಿನ ದೃಷ್ಟಿಯಿಂದ ಇದು ಐತಿಹಾಸಿಕ ತೀರ್ಪು, ಅದರ ತಿರುಳು ಸರಿಯಾದುದೇ. ಆದರೆ ಸಾಹಿತ್ಯದ ಓದುಗರ ಕಣ್ಣು ಒಂದು ಪದಪುಂಜದ ಮೇಲೆ ನಿಲ್ಲುತ್ತದೆ. ನೆಲ ಬಿಟ್ಟುಕೊಡಬೇಕಾದವರನ್ನು ಹೈಕೋರ್ಟಿನ ಆದೇಶ ವಿಹಾರಧಾಮದ ಮಾಲೀಕರು ‘ಮತ್ತು ಇತರ ಖಾಸಗಿ ಭೂಮಾಲೀಕರು’ ಎಂದು ಕರೆಯಿತು. ಈ ‘ಇತರ’ದೊಳಗೆ ಯಾರಿದ್ದಾರೆ? ನಗರದಿಂದ ಬಂದು ನೆಲಕೊಂಡವನೂ ಅಲ್ಲೇ, ಮೂರು ತಲೆಮಾರಿನ ಮನೆಯಂಗಳದಲ್ಲಿ ದನ ಕಟ್ಟಿಕೊಂಡವನೂ ಅಲ್ಲೇ. ಸಮಿತಿಯ ಮುಂದೆ ತನ್ನ ಮನೆ ಏಕೆ ವಿಹಾರಧಾಮವಲ್ಲವೆಂದು ಹೇಳಿಕೊಳ್ಳಬೇಕಾದ ಭಾರ ಎರಡನೆಯವನದು. ಅದನ್ನು ತನ್ನ ನುಡಿಯಲ್ಲಲ್ಲ, ಸರ್ವೆ ಸಂಖ್ಯೆಯ ಭಾಷೆಯಲ್ಲಿ ಹೇಳಬೇಕು. ವಿಹಾರಧಾಮಗಳು ಮುಚ್ಚಿದಾಗ ಜೀಪಿನ ಚಾಲಕ, ಅಡುಗೆಯ ಹೆಂಗಸು, ದಾರಿ ತೋರುವ ಹುಡುಗ ಕಳೆದುಕೊಂಡ ಕೂಲಿಗೂ ಆ ಭಾಷೆಯಲ್ಲಿ ಪದವಿಲ್ಲ.

ಮೋಯಾರಿನ ಕಣಿವೆಯ ತೆಂಗುಮರಹಾಡದಲ್ಲಿ ಇದೇ ತರ್ಕ ಅಂಕಿಯ ರೂಪದಲ್ಲಿ ಕಾಣಿಸಿತು. ಸ್ವಾತಂತ್ರ್ಯದ ಹೊತ್ತಿನಲ್ಲಿ ಸಹಕಾರಿ ಬೇಸಾಯಕ್ಕೆಂದು ಸರ್ಕಾರವೇ ನೆಲ ಕೊಟ್ಟು ಬೆಳೆಸಿದ, ಬಡಗರೂ ಇರುಳರೂ ಕೂಡಿ ಬಾಳಿದ ಊರು ಅದು. ಸ್ಥಳಾಂತರಕ್ಕೆ ಕುಟುಂಬಕ್ಕೆ 15 ಲಕ್ಷ ರೂಪಾಯಿಯಂತೆ 497 ಕುಟುಂಬಗಳಿಗೆ 74.55 ಕೋಟಿ ರೂಪಾಯಿಯ ಲೆಕ್ಕ ಮದ್ರಾಸ್ ಹೈಕೋರ್ಟಿನ ಮುಂದೆ ಬಂದಿತು. ಹೊರಟುಹೋಗಲು ಬಯಸುವವರು ಅಲ್ಲಿ ಇದ್ದಾರೆ. ಹೊಳೆ ತುಂಬಿದಾಗ ಆಸ್ಪತ್ರೆಗೆ ದಾಟಲಾಗದ ಊರನ್ನು ಹೊರಗಿನವರು ಭಾವುಕರಾಗಿ ಕಾಪಾಡಬೇಕಿಲ್ಲ. ಆದರೆ ಹೆಸರಿನಲ್ಲಿರುವ ‘ಹಾಡ’ವನ್ನು ಗಮನಿಸಬೇಕು. ಯಾವುದು ಹಾಡ, ಯಾವುದು ಕಾಡು ಎಂದು ವಿಂಗಡಿಸಿ ಹೆಸರಿಟ್ಟ ಜನರನ್ನು ಹೊರಗೆ ಕಳಿಸಲು ಹಣದ ಲೆಕ್ಕವಿದೆ, ಅವರಿಗೆ ಗೊತ್ತಿರುವುದನ್ನು ಬರೆದುಕೊಳ್ಳಲು ಆ ಲೆಕ್ಕದಲ್ಲಿ ಒಂದು ಸಾಲೂ ಇಲ್ಲ.

ಊಟಿಗೆ 2024ರ ಮೇ ತಿಂಗಳಿಂದ ಹೈಕೋರ್ಟಿನ ಆದೇಶದಂತೆ ಇ-ಪಾಸ್ ಬಂತು. 2025ರ ಬೇಸಗೆಯಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ವಾಹನಗಳ ಮಿತಿ ಬಂತು. ಮಿತಿ ಬೇಕಾದುದೇ. ಆದರೆ ಅದು ಚಕ್ರಗಳನ್ನು ಎಣಿಸುತ್ತದೆ, ನೀರನ್ನಲ್ಲ. ಒಂದು ಬೇಸಗೆಯಲ್ಲಿ ಅವರೆಹಳ್ಳ ಯಾವ ವಾರ ಬತ್ತಿತು, ಆಮೇಲೆ ಹಿಂಡು ಯಾವ ಊರಿನ ಹಿತ್ತಿಲು ಹಾದು ಮೋಯಾರಿಗೆ ಇಳಿಯಿತು ಎಂಬುದು ಕಾವಲುಗಾರನಿಗೂ ದನಗಾಹಿಗೂ ಗೊತ್ತು. ಆ ತಿಳಿವಳಿಕೆ ಇರುವುದು ಬೆಟ್ಟಕುರುಬ, ಕಾಡುನಾಯಕ, ಇರುಳ, ಬಡಗ ನುಡಿಗಳಲ್ಲಿ.

ಕನ್ನಡದ ವಿದ್ವತ್ತು ಇಲ್ಲಿ ತನ್ನ ಪಾಲಿನ ಉದಾಸೀನವನ್ನೂ ಒಪ್ಪಿಕೊಳ್ಳಬೇಕು. ಬಡಗ ನುಡಿಯ ದೊಡ್ಡ ನಿಘಂಟನ್ನು 1992ರಲ್ಲಿ ತಂದವರು ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೊ-ರೈಚೂರ್. ಅದು ಬಡಗ–ಇಂಗ್ಲಿಷ್ ನಿಘಂಟು. ಗಡಿನಾಡಿನ ಸ್ಥಳನಾಮ ಅಧ್ಯಯನವೆಂದರೆ ಇಂದಿಗೂ ಊರಿನ ಹೆಸರಿನ ವ್ಯುತ್ಪತ್ತಿ. ಹಳ್ಳ, ಹಾಡ, ಕಡವು, ಕಟ್ಟೆಗಳ ಹೆಸರುಗಳನ್ನು ನೀರು ಮತ್ತು ಮೃಗದ ನಡೆಯೊಂದಿಗೆ ಜೋಡಿಸಿ ಬರೆಯುವ ಕೆಲಸ ಅದರ ಪರಿಧಿಯೊಳಗೆ ಬಂದಿಲ್ಲ. ಹುಲಿಧಾಮದ ನಿರ್ವಹಣಾ ಯೋಜನೆ ಹತ್ತು ವರ್ಷಕ್ಕೊಮ್ಮೆ ಹೊಸದಾಗಿ ಬರೆಯಲ್ಪಡುವ ಪಠ್ಯ. ಅದರ ಅನುಬಂಧದಲ್ಲಿ ಹಕ್ಕಿಗಳ ಪಟ್ಟಿಗೂ ಮರಗಳ ಪಟ್ಟಿಗೂ ಜಾಗವಿರುತ್ತದೆ. ಮಾವನಹಳ್ಳದಿಂದ ಆನೆಕಟ್ಟಿಯವರೆಗಿನ ಹಳ್ಳಗಳ ಹೆಸರನ್ನು ಹೇಳಬಲ್ಲ ಮುದುಕರು ಇನ್ನೂ ಬದುಕಿರುವಾಗ ಆ ಪಟ್ಟಿಗಳ ಪಕ್ಕದಲ್ಲಿ ಇನ್ನೊಂದು ಪಟ್ಟಿ ಸೇರುವುದಕ್ಕೆ ಬೇಕಾದುದು ಕೋಟಿಗಳ ಲೆಕ್ಕವಲ್ಲ; ಆ ನುಡಿ ಬಲ್ಲ ಇಬ್ಬರು ಕ್ಷೇತ್ರಕಾರ್ಯಕರ್ತರು, ಮತ್ತು ಅವರನ್ನು ಕಾಡಿನ ಅಂಚಿನ ಹಾದಿಗಳಲ್ಲಿ ಒಂದು ಬೇಸಗೆಯುದ್ದಕ್ಕೂ ನಡೆದಾಡಲು ಬಿಡುವ ಒಂದು ಪರವಾನಗಿ.