ರಾಗಿ ಕಾಳಿಗಿಂತ ಸಣ್ಣ ಮಸೂರ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಉಂಗುರ ಕೊಂಡವರು ಒಮ್ಮೆ ಭೂತಗನ್ನಡಿ ಕೇಳಿ ಅದರ ಒಳಮೈ ನೋಡಬೇಕು. ಬಿಐಎಸ್ ಗುರುತು, 22ಕೆ916, ಪಕ್ಕದಲ್ಲಿ ಎಚ್‌ಯುಐಡಿಯ ಆರು ಅಕ್ಷರ-ಅಂಕಿಗಳು. ಬರಿಗಣ್ಣಿಗೆ ಗೀರಿನಂತಿದ್ದ ಸಾಲು ಗಾಜಿನಡಿ ಬಿಡಿಬಿಡಿಯಾಗಿ ಓದಿಗೆ ಸಿಗುತ್ತದೆ. ಅದನ್ನು ಬರೆದದ್ದು ಲೇಸರ್.

ಇಪ್ಪತ್ತು ವ್ಯಾಟ್ ಎಂದರೆ ಒಂದು ಟ್ಯೂಬ್‌ಲೈಟಿನಷ್ಟು ವಿದ್ಯುತ್ತು. ಅಷ್ಟೇ ಬೆಳಕನ್ನು 50 ಮೈಕ್ರಾನ್ ಅಗಲದ ಚುಕ್ಕೆಗೆ ಇಳಿಸಿದರೆ ಚದರ ಸೆಂಟಿಮೀಟರಿಗೆ ಹತ್ತು ಲಕ್ಷ ವ್ಯಾಟ್‌ನ ಲೆಕ್ಕವಾಗುತ್ತದೆ. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಕರಗಿಸಲು ಮಲೆನಾಡಿನ ಮರವನ್ನು ಇದ್ದಿಲು ಮಾಡಿ ಉರಿಸಬೇಕಾಯಿತು. ಲೇಸರಿಗೆ ಅಷ್ಟು ಉರಿ ಬೇಡ, ಇಕ್ಕಟ್ಟು ಸಾಕು.

ಆ ಇಕ್ಕಟ್ಟು ಮಾಡಲು ಉಬ್ಬಿದ ಗಾಜೇ ಬೇಕು ಎನ್ನುವವರ ಜೊತೆ ಈ ಅಂಕಣದ ಜಗಳ ಹಳೆಯದು. ಝೋನ್ ಪ್ಲೇಟ್ ಎಂಬ ಚಪ್ಪಟೆ ಮಸೂರವೂ ಆ ಕೆಲಸ ಮಾಡುತ್ತದೆ: ಒಂದರೊಳಗೊಂದು ಬಳೆ, ಒಂದು ಬಿಟ್ಟು ಒಂದು ಕಪ್ಪು. ಎದುರು ಹೆಜ್ಜೆ ಹಾಕುವ ಅಲೆಗಳನ್ನು ಕಪ್ಪು ಬಳೆ ತಡೆಯುತ್ತದೆ, ಉಳಿದವು ಒಂದೇ ಹೆಜ್ಜೆಯಲ್ಲಿ ಒಂದು ಬಿಂದುವಿಗೆ ಸೇರುತ್ತವೆ. 633 ನ್ಯಾನೋಮೀಟರಿನ ಕೆಂಪು ಲೇಸರಿಗೆ, ಒಂದು ಮಿಲಿಮೀಟರ್ ದೂರದಲ್ಲಿ ಚುಕ್ಕೆ ಬೀಳಬೇಕೆಂದರೆ, ಮೊದಲ ಬಳೆಯ ತ್ರಿಜ್ಯ 25 ಮೈಕ್ರಾನ್, ನೂರನೆಯದರದ್ದು 250. ಇಡೀ ಮಸೂರ ಅರ್ಧ ಮಿಲಿಮೀಟರ್ ಅಗಲ. ರಾಗಿ ಕಾಳಿನ ಮೇಲೆ ಕೂತರೂ ಜಾಗ ಉಳಿಯುತ್ತದೆ. ಕೊನೆಯ ಬಳೆ ಒಂದೂಕಾಲು ಮೈಕ್ರಾನ್ ದಪ್ಪ. ಚುಕ್ಕೆಯ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಚುಕ್ಕೆ ಸಣ್ಣದಾಗಬೇಕಾದರೆ ಅಂಚಿನ ಬಳೆ ತೆಳ್ಳಗಾಗಬೇಕು, ಬೇರೆ ದಾರಿಯಿಲ್ಲ.

ಎದುರು ಪಕ್ಷದ ಎರಡು ಆಕ್ಷೇಪಗಳಲ್ಲಿ ಹುರುಳಿದೆ. ಕಪ್ಪು-ಬಿಳಿ ಬಳೆಗಳು ಬೆಳಕಿನ ಹತ್ತನೇ ಒಂದು ಪಾಲನ್ನಷ್ಟೇ ಚುಕ್ಕೆಗೆ ತಲುಪಿಸುತ್ತವೆ. ಕಪ್ಪಿನ ಬದಲು ಪಾರದರ್ಶಕ ಮೆಟ್ಟಿಲು ಕೊರೆದು ಅಲೆಗಳ ಹೆಜ್ಜೆ ತಿದ್ದಿದರೆ ಅದು ನೂರಕ್ಕೆ 40ಕ್ಕೆ ಏರುತ್ತದೆ. ಇನ್ನೊಂದು, ಬಣ್ಣ ಬದಲಾದರೆ ಚುಕ್ಕೆಯ ದೂರವೂ ಬದಲಾಗುತ್ತದೆ. ಬಿಸಿಲಿಗೆ ಅದು ದೋಷವೇ. ಆದರೆ ಲೇಸರಿನದು ಒಂದೇ ಬಣ್ಣ. ಅದರ ಮಟ್ಟಿಗೆ ಈ ಆಕ್ಷೇಪ ನಿಲ್ಲುವುದಿಲ್ಲ.

ಚಪ್ಪಟೆ ಮಸೂರದ ಕತೆಯಲ್ಲಿ ಒಂದು ಬಾಕಿ ತೀರಿಸುವುದಿದೆ.

2016ರಲ್ಲಿ ಹಾರ್ವರ್ಡ್‌ನ ತಂಡವೊಂದು ಗಾಜಿನ ಹಾಳೆಯ ಮೇಲೆ 600 ನ್ಯಾನೋಮೀಟರ್ ಎತ್ತರದ ಟೈಟಾನಿಯಂ ಡೈಆಕ್ಸೈಡ್ ಕಡ್ಡಿಗಳನ್ನು ನಿಲ್ಲಿಸಿ ಚಪ್ಪಟೆ ಮಸೂರ ಮಾಡಿತು. ಬಿಳಿ ಪೇಂಟಿಗೆ ಹಾಕುವುದೂ ಅದೇ ವಸ್ತು. ಕಡ್ಡಿಗಳೆಲ್ಲ ಒಂದೇ ಅಳತೆ. ತಿರುಗಿಸಿ ನಿಲ್ಲಿಸಿದ ಕೋನ ಮಾತ್ರ ಬೇರೆ ಬೇರೆ. ಕಡ್ಡಿ ತಿರುಗಿದ್ದರ ಎರಡರಷ್ಟು ಅಲೆಯ ಹೆಜ್ಜೆ ಸರಿಯುತ್ತದೆ. ಜಗತ್ತು ಇದನ್ನು ಹೊಸ ಯುಗವೆಂದು ಕೊಂಡಾಡಿತು. ಕೊಂಡಾಡಲಿ, ಆದರೆ ಅದರ ಬೇರು ಬೆಂಗಳೂರಿನಲ್ಲಿದೆ.

1956ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ, ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಪಂಚರತ್ನಂ ಹರಳುಗಳ ಅಧ್ಯಯನದಲ್ಲಿದ್ದರು. ಬೆಳಕಿನ ಧ್ರುವೀಕರಣವನ್ನು, ಅಂದರೆ ಅದರ ಅಲೆ ಕಂಪಿಸುವ ಬಗೆಯನ್ನು, ಒಂದು ಗೋಳದ ಮೇಲಿನ ಬಿಂದುವಾಗಿ ಕಲ್ಪಿಸಿ, ಅದು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಮರಳಿದರೂ ಅಲೆಯ ಹೆಜ್ಜೆ ಮೊದಲಿನಂತಿರುವುದಿಲ್ಲ ಎಂದು ತೋರಿಸಿದರು. ಹೆಜ್ಜೆಯ ವ್ಯತ್ಯಾಸ ಎಷ್ಟು? ಸುತ್ತಿದ ದಾರಿ ಗೋಳದ ಮೇಲೆ ಆವರಿಸುವ ಘನಕೋನದ ಅರ್ಧದಷ್ಟು. ಹಾರ್ವರ್ಡ್‌ನ ಕಡ್ಡಿಗಳು ಅಲೆಯ ಹೆಜ್ಜೆ ಸರಿಸುವುದೂ ಇದೇ ತತ್ವದ ಮೇಲೆ. ಇದನ್ನು ತೋರಿಸಿದಾಗ ಪಂಚರತ್ನಂ ಅವರಿಗಿನ್ನೂ 22ರ ಪ್ರಾಯ. 1969ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡಾಗ 35. ಭೌತವಿಜ್ಞಾನಿ ಮೈಕೆಲ್ ಬೆರ್ರಿ 1984ರಲ್ಲಿ ಇದೇ ಬಗೆಯ ತತ್ವವನ್ನು ಕ್ವಾಂಟಮ್ ಲೋಕದಲ್ಲಿ ಕಂಡರು. 1986ರಲ್ಲಿ ಭೌತವಿಜ್ಞಾನಿಗಳಾದ ರಾಮಶೇಷನ್ ಮತ್ತು ನಿತ್ಯಾನಂದ ಪಂಚರತ್ನಂ ಅವರ ಹಳೆಯ ಪ್ರಬಂಧವನ್ನು ಎತ್ತಿ ತೋರಿಸಿದರು. ಮರುವರ್ಷ ಬೆರ್ರಿಯವರೇ ಪಂಚರತ್ನಂ ಹೆಸರನ್ನು ತಮ್ಮ ಪ್ರಬಂಧದ ಶೀರ್ಷಿಕೆಯಲ್ಲಿಟ್ಟು ಗೌರವಿಸಿದರು. ಭೌತಶಾಸ್ತ್ರದ ಒಂದು ದೊಡ್ಡ ಮಾತು ಮೂವತ್ತು ವರ್ಷ ಕಪಾಟಿನಲ್ಲಿ ಕೂತಿತ್ತು ಎಂಬುದು ನೋಯಿಸುವ ಸಂಗತಿ.

ಹಾಗಾಗಿ ಶಿವಮೊಗ್ಗ, ಭದ್ರಾವತಿಯ ಕಾಲೇಜು ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಕಂಪ್ಯೂಟರಿನಲ್ಲಿ ಇಪ್ಪತ್ತು ವೃತ್ತ ಬರೆಸಿ. ಪ್ರತಿಯೊಂದರ ತ್ರಿಜ್ಯ, ಅದರ ಕ್ರಮಸಂಖ್ಯೆಯ ವರ್ಗಮೂಲವನ್ನು 0.8 ಮಿಲಿಮೀಟರಿನಿಂದ ಗುಣಿಸಿದಷ್ಟು. ಒಂದು ಬಿಟ್ಟು ಒಂದು ಪಟ್ಟಿಗೆ ಕಪ್ಪು ತುಂಬಿ, ಪಾರದರ್ಶಕ ಹಾಳೆಯ ಮೇಲೆ ಅದೇ ಅಳತೆಗೆ ಮುದ್ರಿಸಿ. ಕೋಣೆಯ ಆ ತುದಿಯಿಂದ ಕೆಂಪು ಲೇಸರ್ ಪಾಯಿಂಟರ್ ಬಿಡಿ, ಕಣ್ಣಿಗೆ ಮಾತ್ರ ತಾಗದಿರಲಿ. ಹಾಳೆಯಿಂದ ಸುಮಾರು ಒಂದು ಮೀಟರ್ ಆಚೆ ಬಿಳಿ ಕಾಗದ ಹಿಡಿದು ಹಿಂದೆ ಮುಂದೆ ಸರಿಸಿದರೆ ಚುಕ್ಕೆ ಮೂಡುತ್ತದೆ. ಮಕ್ಕಳು ಅದನ್ನು ನೋಡುತ್ತಿರುವಾಗ ಪಂಚರತ್ನಂ ಹೆಸರನ್ನೂ ಹೇಳಿ.